ಮಂಡಿ ನೋವಿದ್ದವರಿಗೆ ಯಾವ ರಿಕಾಪು, ಯಾವ ಪಟ್ಟಿ?

ಭಾನುವಾರದ ಸವಾರೆ

ಎಲ್ಲರಿಗೂ ನಮಸ್ಕಾರ. ನನಗೆ ಐವತ್ತಾರು ವರ್ಷ. ಬ್ಯಾಂಕಿನ ಕೆಲಸ ಬಿಟ್ಟ ಮೇಲೆ ಇವಳು ಸಂಗೀತವನ್ನೋ ಯೋಗವನ್ನೋ ಕಲಿಯುತ್ತಾಳೆ ಎಂದು ಮನೆಯವರು ಅಂದುಕೊಂಡಿದ್ದರು. ನಾನು ಕುದುರೆ ಸವಾರಿಗೆ ಸೇರಿದೆ. ಬೆಂಗಳೂರಿನ ಹೊರವಲಯದ ಒಂದು ಶಾಲೆಯಲ್ಲಿ ಮೂರು ವರ್ಷದಿಂದ ವಾರಕ್ಕೆರಡು ದಿನ ಸವಾರಿ ಮಾಡುತ್ತಿದ್ದೇನೆ. ನಡಿಗೆ, ಟ್ರಾಟ್ (ಕುಲುಕುವ ದುಡುಕು ನಡೆ), ಧೈರ್ಯ ಬಂದ ದಿನ ಸ್ವಲ್ಪ ಕ್ಯಾಂಟರ್ (ಹಗುರ ಓಟ), ಇಷ್ಟೇ ನನ್ನ ಮಟ್ಟ.

ತೊಂದರೆ ಎರಡು. ಬಲ ಮಂಡಿಯಲ್ಲಿ ಸವೆತ. ಎಡಗಾಲಿನ ಹರಡು, ಅಂದರೆ ಪಾದದ ಮೇಲಿನ ಕೀಲು, ಹಿಂದೊಮ್ಮೆ ಸ್ಕೂಟರಿನಿಂದ ಬಿದ್ದು ಮುರಿದಿತ್ತು, ಅದು ಈಗ ಅರ್ಧಕ್ಕಿಂತ ಹೆಚ್ಚು ಬಾಗುವುದಿಲ್ಲ. ಸವಾರಿ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಮಂಡಿಯ ಹೊರಬದಿಯಲ್ಲಿ ಉರಿ ಹತ್ತುತ್ತದೆ. ಇಳಿದ ಮೇಲೆ ಐದು ನಿಮಿಷ ಬೇಲಿ ಹಿಡಿದು ನಿಲ್ಲಬೇಕು. ಶಾಲೆಯಲ್ಲಿರುವುದು ಹಳೆಯ ಉಕ್ಕಿನ ರಿಕಾಪು (ಸವಾರರು ಪಾದವೂರುವ ಬಳೆ), ತಳದ ರಬ್ಬರ್ ಸವೆದು ನುಣುಪಾಗಿದೆ. ತರಬೇತುದಾರರು ಒಳ್ಳೆಯವರೇ, ಆದರೆ ಏನು ಕೇಳಿದರೂ ಒಂದೇ ಉತ್ತರ: "ಹಿಮ್ಮಡಿ ಕೆಳಗೆ, ಮೇಡಂ."

ಎರಡು ವಾರದ ಹಿಂದೆ ಇಳಿಯುವಾಗ ಎಡಗಾಲು ರಿಕಾಪಿನಲ್ಲೇ ಸಿಕ್ಕಿಕೊಂಡಿತು. ಬಲಗಾಲು ನೆಲದ ಮೇಲೆ, ಎಡಗಾಲು ಕುದುರೆಯ ಹೊಟ್ಟೆಯ ಪಕ್ಕದಲ್ಲಿ. ಕುದುರೆ ನೋಡಿಕೊಳ್ಳುವ ಸೈಸ್ ಓಡಿ ಬಂದು ಕಡಿವಾಣ ಹಿಡಿದುಕೊಂಡ. ಕುದುರೆ ಸಾಧು, ಕದಲಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸ್ವಂತಕ್ಕೆ ಒಂದು ಜೊತೆ ರಿಕಾಪು, ಅದನ್ನು ಜೀನಿಗೆ ತೂಗುಹಾಕುವ, ಉದ್ದ ಹೊಂದಿಸಲು ತೂತುಗಳಿರುವ ಚರ್ಮದ ಪಟ್ಟಿ ಕೊಳ್ಳೋಣ ಎಂದುಕೊಂಡಿದ್ದೇನೆ. ಅಂತರ್ಜಾಲದಲ್ಲಿ ನೋಡಿದರೆ ತಲೆ ತಿರುಗುತ್ತದೆ. ಅಗಲ ತಳದ್ದು, ಮೆತ್ತೆಯದ್ದು, ಕೀಲಿನಂತೆ ಬಾಗುವುದು, ಪ್ಲಾಸ್ಟಿಕ್ಕಿನದು, ರಬ್ಬರ್ ಉಂಗುರದ್ದು. ಯಾವುದು? ಪಟ್ಟಿಯನ್ನೂ ಬದಲಿಸಬೇಕೇ?

ಹಳೆಯ ರಾವುತ, ಮೈಸೂರು

ಅಮ್ಮ, ಕೊಳ್ಳುವ ಮಾತು ಆಮೇಲೆ. ಮೊದಲು ಎರಡು ಕೆಲಸ ಮಾಡಿ.

ಸವಾರಿಗೆ ಹಾಕುವ ಬೂಟಿನ ಅತಿ ಅಗಲವಾದ ಜಾಗವನ್ನು ಅಳೆಯಿರಿ. ರಿಕಾಪಿನ ಒಳ ಅಗಲ ಅದಕ್ಕಿಂತ ಎರಡರಿಂದ ಎರಡೂವರೆ ಸೆಂಟಿಮೀಟರ್ ಹೆಚ್ಚಿರಬೇಕು. ಅಂದರೆ ಬೂಟು ನಡುವೆ ಇದ್ದಾಗ ಎರಡೂ ಬದಿಯಲ್ಲಿ ನಿಮ್ಮ ಕಿರುಬೆರಳು ಹಿಡಿಸುವಷ್ಟು ಜಾಗ. ಕಡಿಮೆಯಾದರೆ ಪಾದ ಸಿಕ್ಕಿಕೊಳ್ಳುತ್ತದೆ. ಬಹಳ ಹೆಚ್ಚಾದರೆ ಇಡೀ ಪಾದವೇ ಹಿಮ್ಮಡಿಯವರೆಗೆ ನುಗ್ಗುತ್ತದೆ, ಅದು ಇನ್ನೂ ಕೆಟ್ಟದ್ದು. ಶಾಲೆಯ ರಿಕಾಪು ಚಿಕ್ಕ ಹುಡುಗರದ್ದೋ ದೊಡ್ಡವರದ್ದೋ ಯಾರೂ ನೋಡಿರುವುದಿಲ್ಲ.

ಎರಡನೆಯದು, ಜೀನಿನ ರೆಕ್ಕೆಯನ್ನು ಮೇಲೆತ್ತಿ ಪಟ್ಟಿ ಸಿಕ್ಕಿಸುವ ಕಂಬಿಯನ್ನು ನೋಡಿ. ಅದರ ಹಿಂತುದಿಯಲ್ಲಿ ಮೇಲಕ್ಕೆ ಮಡಚುವ ಒಂದು ಚಿಕ್ಕ ಕೊಂಡಿ ಇರುತ್ತದೆ. ಸವಾರಿಯ ಹೊತ್ತಿನಲ್ಲಿ ಅದು ಸದಾ ಮಲಗಿರಬೇಕು. ಸವಾರ ಬಿದ್ದು ಕಾಲು ಸಿಕ್ಕಿದರೆ ಪಟ್ಟಿ ಹಿಂದಕ್ಕೆ ಜಾರಿ ಜೀನಿನಿಂದಲೇ ಕಳಚಿಕೊಳ್ಳಲಿ ಎಂದು ಮಾಡಿದ ಏರ್ಪಾಡು ಅದು. ಎಷ್ಟೋ ಕಡೆ ಅದನ್ನು ಮೇಲಕ್ಕೆತ್ತಿಯೇ ಇಟ್ಟಿರುತ್ತಾರೆ, ತುಕ್ಕು ಹಿಡಿದು ಹಾಗೆಯೇ ಗಟ್ಟಿಯಾಗಿರುತ್ತದೆ.

ಅಶ್ವಾರೋಹಿ ಪೊಲೀಸ್ ದಳದಲ್ಲಿ ಇಪ್ಪತ್ತೆಂಟು ವರ್ಷ ಇದ್ದೆ. ದಸರೆಯ ದಿನ ಗಂಟೆಗಟ್ಟಲೆ ಜೀನಿನ ಮೇಲೆ ಕುಳಿತೇ ಇರುತ್ತಿದ್ದೆವು. ನನಗೂ ಈಗ ಎರಡೂ ಮಂಡಿ ಮಾತಾಡುತ್ತವೆ. ಹಾಗಾಗಿ ನಿಮ್ಮ ಉರಿ ಎಂಥದ್ದು ಎಂದು ಗೊತ್ತು.

ಸುಮ್ಮನೆ ಓದುವವ

ಕ್ಷಮಿಸಿ, ಕೇಳಬಾರದ ಪ್ರಶ್ನೆ ಇರಬಹುದು. ಮಂಡಿ ಸವೆದಿದೆ, ಹರಡು ಬಾಗುವುದಿಲ್ಲ ಎನ್ನುತ್ತೀರಿ. ಲಾಲ್‌ಬಾಗಿನಲ್ಲಿ ನಡೆದಾಡಿದರೆ ಸಾಲದೇ? ಕುದುರೆಯೇ ಏಕೆ?

ಉಟ್ರೆಕ್ಟ್‌ನ ಅಕ್ಕ

ಏಕೆಂದರೆ ಅವರಿಗೆ ಕುದುರೆ ಬೇಕು. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬಾಕೆಗೆ 1944ರಲ್ಲಿ ಪೋಲಿಯೊ ಬಂದು ಮಂಡಿಯ ಕೆಳಗೆ ಕಾಲುಗಳ ಸ್ವಾಧೀನ ಹೋಯಿತು. ಕುದುರೆ ಹತ್ತಲು, ಇಳಿಯಲು ಇತರರು ಎತ್ತಿ ಹಿಡಿಯಬೇಕಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಡ್ರೆಸಾಜ್‌ನಲ್ಲಿ, ಅಂದರೆ ಕುದುರೆಯ ನಡೆಯ ಚೆಂದ, ಹಿಡಿತ ನೋಡುವ ಸ್ಪರ್ಧೆಯಲ್ಲಿ, ಬೆಳ್ಳಿ ಗೆದ್ದರು. ನಾಲ್ಕು ವರ್ಷದ ನಂತರ ಮತ್ತೊಂದು ಬೆಳ್ಳಿ. ಲಾಲ್‌ಬಾಗ್ ಚೆನ್ನಾಗಿಯೇ ಇದೆ, ಅದು ಬೇರೆ ಮಾತು.

ಈಗ ಸವಾರೆಯವರ ಉರಿಯ ವಿಷಯ. ಮಂಡಿಯ *ಹೊರಬದಿ* ಎಂದಿದ್ದೀರಿ, ಹಾಗಾಗಿ ನನಗೆ ಮೊದಲ ಅನುಮಾನ ತಿರುಚಿನ ಮೇಲೆ. ಸಾಮಾನ್ಯ ರಿಕಾಪಿನ ತಲೆಯಲ್ಲಿ ಪಟ್ಟಿ ಹಾಯುವ ಕಣ್ಣು ಇರುತ್ತದಲ್ಲ, ಅದು ಪಾದವೂರುವ ತಳದ ಉದ್ದಕ್ಕೇ ಇರುತ್ತದೆ. ಪಟ್ಟಿ ಕುದುರೆಯ ಪಕ್ಕೆಗೆ ಅಂಟಿದಂತೆ ಚಪ್ಪಟೆಯಾಗಿ ಇಳಿಯುವುದರಿಂದ ರಿಕಾಪೂ ಪಕ್ಕೆಗೆ ಅಂಟಿಕೊಂಡೇ ತೂಗುತ್ತದೆ. ನಿಮ್ಮ ಪಾದ ಮುಂದಕ್ಕೆ ನೋಡಬೇಕಾದರೆ ರಿಕಾಪನ್ನು ಕಾಲು ಸುತ್ತು (ತೊಂಬತ್ತು ಡಿಗ್ರಿ) ತಿರುಗಿಸಿ ಹಿಡಿಯಬೇಕು. ಚರ್ಮ ಸುಮ್ಮನಿರುತ್ತದೆಯೇ? ಸವಾರಿ ಮುಗಿಯುವವರೆಗೂ ಅದು ತನ್ನ ಜಾಗಕ್ಕೆ ಮರಳಲು ಎಳೆಯುತ್ತಲೇ ಇರುತ್ತದೆ. ಆ ಎಳೆತವನ್ನು ತಡೆಯುವುದು ನಿಮ್ಮ ಹರಡು. ಹರಡು ಗಟ್ಟಿಯಾಗಿದ್ದರೆ ಅದು ನೇರ ಮಂಡಿಗೆ ಹೋಗುತ್ತದೆ. ಮಂಡಿಗೆ ಮಡಚುವುದು, ಚಾಚುವುದು ಗೊತ್ತು, ತಿರುಚಿಸಿಕೊಳ್ಳುವುದು ಅದಕ್ಕೆ ಅಷ್ಟಾಗಿ ಬಾರದು.

ನಂಬಿಕೆ ಬಾರದಿದ್ದರೆ ಮನೆಯಲ್ಲೇ ನೋಡಿ. ದಪ್ಪ ಚರ್ಮದ ಸೊಂಟಪಟ್ಟಿಯನ್ನು ಬಾಗಿಲಿನ ಹಿಡಿಕೆಗೆ ಕುಣಿಕೆಯಾಗಿ ನೇತುಹಾಕಿ. ಸ್ಟೂಲಿನ ಮೇಲೆ ಕುಳಿತು ಕುಣಿಕೆಯಲ್ಲಿ ಪಾದವಿಟ್ಟು, ಬಾಗಿಲಿಗೆ ಸಮಾನಾಂತರವಾಗಿ ಬೆರಳುಗಳನ್ನು ಮುಂದಕ್ಕೆ ತಿರುಗಿಸಿ ಐದು ನಿಮಿಷ ಹಿಡಿದುಕೊಳ್ಳಿ.

ಇದಕ್ಕೆ ಪರಿಹಾರವಾಗಿ ಕಣ್ಣನ್ನೇ ಕಾಲು ಸುತ್ತು ತಿರುಗಿಸಿ ಮಾಡಿದ ರಿಕಾಪುಗಳಿವೆ. ಪಟ್ಟಿ ಚಪ್ಪಟೆಯಾಗಿಯೇ ಇರುತ್ತದೆ, ರಿಕಾಪು ಪಾದಕ್ಕೆ ಎದುರಾಗಿ ತೂಗುತ್ತದೆ. ಕಳಚಿಹೋದ ರಿಕಾಪನ್ನು ಮತ್ತೆ ಹುಡುಕಿ ಪಾದ ತೂರಿಸುವುದೂ ಸುಲಭ. ನನಗೆ ಸಂಧಿವಾತ ಬಂದು ಹನ್ನೊಂದು ವರ್ಷವಾಯಿತು. ಆಮೇಲೆ ನಾನು ಕೊಂಡ ಸವಾರಿ ಸಾಮಾನುಗಳಲ್ಲಿ ಹಣಕ್ಕೆ ಮೋಸವಾಗದ್ದು ಇದೊಂದೇ.

ಭಾನುವಾರದ ಸವಾರೆ

ಯಜಮಾನರ ಸೊಂಟಪಟ್ಟಿ, ದೇವರ ಕೋಣೆಯ ಬಾಗಿಲು. ಮೂರು ನಿಮಿಷಕ್ಕೆ ಅದೇ ಉರಿ, ಅದೇ ಜಾಗದಲ್ಲಿ! ಅಕ್ಕ, ನಿಮಗೆ ದೊಡ್ಡ ನಮಸ್ಕಾರ. ಮನೆಯವರು ಬಂದು ನೋಡಿ ಏನೂ ಕೇಳದೆ ಹೊರಟುಹೋದರು.

ರಾವುತರೇ, ಅಳೆದೆ. ನನ್ನ ಬೂಟು 9.5 ಸೆಂಟಿಮೀಟರ್. ಶಾಲೆಯ ರಿಕಾಪಿನ ಒಳ ಅಗಲ 10.5. ಕಂಬಿಯ ಕೊಂಡಿ ಎಡಬದಿಯಲ್ಲಿ ಮೇಲಕ್ಕೆದ್ದೇ ಇತ್ತು, ಕೈಯಲ್ಲಿ ಅಲುಗಾಡಲಿಲ್ಲ. ಸೈಸ್ ಎಣ್ಣೆ ಬಿಟ್ಟು ಸುತ್ತಿಗೆಯ ಹಿಡಿಯಿಂದ ತಟ್ಟಿದ ಮೇಲೆ ಮಲಗಿತು.

ಹಳೆಯ ರಾವುತ, ಮೈಸೂರು

ನೋಡಿದಿರಾ. ಒಂದೇ ಸೆಂಟಿಮೀಟರ್ ಸಡಿಲ. ಅವತ್ತು ಕುದುರೆ ಬೆದರಿದ್ದರೆ ಪಾದವೂ ಬಿಡುತ್ತಿರಲಿಲ್ಲ, ಪಟ್ಟಿಯೂ ಬಿಡುತ್ತಿರಲಿಲ್ಲ. ನಿಮಗೆ ಹನ್ನೆರಡರ ಅಳತೆ ಬೇಕು.

ಅಕ್ಕನವರು ಹೇಳಿದ ತಿರುಚಿನ ಮಾತಿಗೆ ಒಂದು ಸೇರಿಸುತ್ತೇನೆ. ಹಳೆಯ ರಿಕಾಪನ್ನೇ ಬಳಸುವವರು ಪಾದವನ್ನು ಹೊರಗಿನಿಂದ ಒಳಕ್ಕೆ ತೂರಿಸಬೇಕು. ಪಟ್ಟಿಯ ಮುಂದಿನ ಅಂಚು ಹೊರಕ್ಕೆ ತಿರುಗಬೇಕು. ಆಗ ಚರ್ಮ ಕಣಕಾಲಿನ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಉಲ್ಟಾ ತಿರುಗಿದರೆ ಅಂಚು ಕತ್ತಿಯಂತೆ ಮೂಳೆಗೆ ಒತ್ತುತ್ತದೆ. ಹೊಸದಾಗಿ ಸೇರಿದ ಹುಡುಗರ ಕಾಲಿನ ಮೇಲಿನ ನೀಲಿ ಗೆರೆ ನೋಡಿಯೇ ಇವನು ರಿಕಾಪು ಹೇಗೆ ಹಿಡಿಯುತ್ತಾನೆ ಎಂದು ನಮ್ಮ ಉಸ್ತಾದರು ಹೇಳುತ್ತಿದ್ದರು.

ಕೀಲು ನೋಡುವವಳು

ನಾನು ಫಿಸಿಯೋಥೆರಪಿಸ್ಟ್. ಸವಾರಿ ಮಾಡುವುದಿಲ್ಲ, ಆದರೆ ಸವಾರರನ್ನು ನೋಡುತ್ತೇನೆ. "ಕೀಲು ನೋವು" ಎಂದು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಮಂಡಿಗೆ ಹಿತವಾದದ್ದು ಸೊಂಟಕ್ಕೆ ಅಹಿತವಾಗಬಹುದು.

ಮಂಡಿ ಹೆಚ್ಚು ಮಡಚಿದಷ್ಟೂ ಮಂಡಿಚಿಪ್ಪಿನ ಹಿಂದೆ ಒತ್ತಡ ಏರುತ್ತದೆ. ಆದ್ದರಿಂದ ಚಿಪ್ಪಿನ ಸುತ್ತ ನೋವಿರುವವರು ರಿಕಾಪನ್ನು ಒಂದು ತೂತು ಇಳಿಸಿದರೆ ಸಾಮಾನ್ಯವಾಗಿ ಹಗುರವೆನಿಸುತ್ತದೆ. ಆದರೆ ಕಾಲು ಉದ್ದವಾದಂತೆ ತೊಡೆ ನೇರವಾಗಿ ಕುದುರೆಯ ಹೊಟ್ಟೆಯನ್ನು ಸುತ್ತಿಕೊಳ್ಳಬೇಕು. ಸೊಂಟದ ಕೀಲು ಬಿಗಿಯಾಗಿರುವವರಿಗೆ ಅದೇ ಕಷ್ಟ. ಅವರಿಗೆ ಸ್ವಲ್ಪ ಗಿಡ್ಡ ಪಟ್ಟಿಯೇ ಮೇಲು, ಅದಕ್ಕಿಂತ ಮೇಲು ಹೊಟ್ಟೆ ಸಣ್ಣದಾದ ಕುದುರೆ. ಎಂಥ ರಿಕಾಪು ತಂದರೂ ಪೀಪಾಯಿಯಂಥ ಕುದುರೆಯ ಮೇಲೆ ಸವೆದ ಸೊಂಟ ಸುಖವಾಗಿರುವುದಿಲ್ಲ.

ಇನ್ನು "ಹಿಮ್ಮಡಿ ಕೆಳಗೆ". ಬಾಗದ ಹರಡಿಗೆ ಈ ಆಜ್ಞೆ ಕೊಟ್ಟರೆ ಅದು ಪಾಲಿಸುವುದಿಲ್ಲ. ಪಾಲಿಸಿದಂತೆ ತೋರಿಸಲು ನೀವು ಮಂಡಿಯನ್ನು ಬಿಗಿದು, ಕಾಲನ್ನು ಮುಂದಕ್ಕೆ ತಳ್ಳಿ, ಬೆನ್ನನ್ನು ಸೆಟೆಸುತ್ತೀರಿ. ಟ್ರಾಟಿನ ಕುಲುಕಾಟವನ್ನು ಹೀರಿಕೊಳ್ಳಬೇಕಾದ ಮೂರು ಕೀಲುಗಳೂ ಒಟ್ಟಿಗೆ ಮುಷ್ಕರ ಹೂಡುತ್ತವೆ. ಪಾದ ಸಮತಟ್ಟಾಗಿದ್ದು ಬೆರಳಿನ ಕಡೆ ಕೆಳಗೆ ವಾಲದಿದ್ದರೆ ನಿಮ್ಮ ಎಡಗಾಲಿಗೆ ಅಷ್ಟು ಸಾಕು. ತರಬೇತುದಾರರಿಗೆ ನನ್ನ ಹೆಸರು ಹೇಳಬೇಡಿ, ನಿಮ್ಮ ಎಕ್ಸ್‌ರೇ ತೋರಿಸಿ.

ಪಾದದ ತಳಕ್ಕೆ ಅಗಲವಾದ, ಮೆತ್ತೆಯಿರುವ ರಿಕಾಪು ಒಳ್ಳೆಯದು. ಭಾರ ಒಂದು ಗೆರೆಯ ಮೇಲೆ ಬೀಳುವ ಬದಲು ಹರಡಿಕೊಳ್ಳುತ್ತದೆ, ಬೆರಳು ಜೋಮು ಹಿಡಿಯುವುದು ಕಡಿಮೆಯಾಗುತ್ತದೆ. ಬಾಗುವ ಕೀಲಿರುವ ರಿಕಾಪಿನ ಬಗ್ಗೆ ಮಾತ್ರ ಎಚ್ಚರ. ನಿಮ್ಮಂತೆ ಗಟ್ಟಿಯಾದ ಹರಡಿಗೆ ಅದು ಸ್ವಲ್ಪ ಚಲನೆಯನ್ನು ಸಾಲ ಕೊಡುತ್ತದೆ. ಆದರೆ ಪದೇ ಪದೇ ಉಳುಕಿ ಸಡಿಲವಾದ ಹರಡಿಗೆ ಅಲುಗಾಡುವ ನೆಲ ಕೊಟ್ಟಂತಾಗುತ್ತದೆ. ಅಂಥವರಿಗೆ ನಾನು ಗಟ್ಟಿ ಚೌಕಟ್ಟಿನದನ್ನೇ ಹೇಳುತ್ತೇನೆ.

ಟೆಕ್ಸಾಸಿನ ಹಾಸನದವ

ಇಲ್ಲಿಯ ವೆಸ್ಟರ್ನ್ ಜೀನಿನಲ್ಲಿ ಸಣ್ಣ ಪಟ್ಟಿಯ ಬದಲು ಕಾಲಿನ ಉದ್ದಕ್ಕೂ ಅಂಗೈಗಿಂತ ಅಗಲವಾದ ಚರ್ಮವಿರುತ್ತದೆ, ಫೆಂಡರ್ ಎನ್ನುತ್ತಾರೆ. ಹೊಸ ಜೀನಿನಲ್ಲಿ ಈ ತಿರುಚು ಇನ್ನೂ ಭಯಂಕರ, ಏಕೆಂದರೆ ಚರ್ಮ ಜಾಸ್ತಿ. ಇಲ್ಲಿಯವರ ಉಪಾಯ ಹೀಗಿದೆ: ಫೆಂಡರಿನ ಕೆಳಭಾಗವನ್ನು ಒದ್ದೆ ಮಾಡಿ, ರಿಕಾಪನ್ನು ಮುಂದಕ್ಕೆ ತಿರುಗಿಸಿ, ಎರಡೂ ರಿಕಾಪುಗಳ ನಡುವೆ ಪೊರಕೆಯ ಕೋಲು ತೂರಿಸಿ ದಿನಗಟ್ಟಲೆ ಬಿಡುವುದು. ಚರ್ಮ ಆ ಆಕಾರಕ್ಕೆ ಒಣಗುತ್ತದೆ. ಒಮ್ಮೆ ಕೂತರೆ ಹೋಗುವುದಿಲ್ಲ. ನನ್ನ ಜೀನು ಸವಾರಿಯಿಲ್ಲದ ದಿನ ಈಗಲೂ ಕೋಲು ನುಂಗಿಕೊಂಡೇ ಕುಳಿತಿರುತ್ತದೆ.

ಸಣ್ಣ ಪಟ್ಟಿಗೆ ಇದು ನಡೆಯುತ್ತದೆಯೋ?

ಚರ್ಮದ ಕೆಲಸದವ

ಸಣ್ಣ ಪಟ್ಟಿಗೆ ನೀರು ಹಾಕಬೇಡಿ, ದಯವಿಟ್ಟು. ಫೆಂಡರ್ ದಪ್ಪ, ತಡೆದುಕೊಳ್ಳುತ್ತದೆ. ಪಟ್ಟಿಯನ್ನು ನೆನೆಸಿದರೆ ಹಿಗ್ಗುತ್ತದೆ, ಒಂದೊಂದು ಒಂದೊಂದು ಉದ್ದವಾಗುತ್ತದೆ. ತಿರುಚಿಗೆ ಕಣ್ಣು ತಿರುಗಿಸಿದ ರಿಕಾಪೇ ಸರಿಯಾದ ದಾರಿ.

ಪಟ್ಟಿಯ ಬಗ್ಗೆ ಯಾರೂ ಇನ್ನೂ ಮಾತನಾಡಿಲ್ಲ, ಎಲ್ಲರ ಕಣ್ಣೂ ಹೊಳೆಯುವ ಕಬ್ಬಿಣದ ಮೇಲೆ. ನಮ್ಮ ದೇಶದ ಜೀನು, ಪಟ್ಟಿ, ಲಗಾಮು ಬಹುಪಾಲು ಕಾನ್ಪುರದಿಂದ ಬರುತ್ತವೆ, ಅಲ್ಲಿಂದ ಹೊರದೇಶಗಳಿಗೂ ಹೋಗುತ್ತವೆ. ಒಂದೇ ಊರಿನ ಮಾಲಿನಲ್ಲಿ ಅಪ್ಪಟ ಒಳ್ಳೆಯದೂ ಇದೆ, ಹಲಗೆಯಂಥದ್ದೂ ಇದೆ. ಕೈಯಲ್ಲಿ ಹಿಡಿದು ಮಡಚಿ ನೋಡಿ. ಮಡಚಿದ ಜಾಗದಲ್ಲಿ ಮೇಲ್ಮೈ ಸಣ್ಣಗೆ ಬಿರಿದರೆ ಬೇಡ. ಬಕಲ್ ಹೊಲಿದ ಜಾಗವನ್ನು ಉಗುರಿನಿಂದ ಕೆರೆದು ನೋಡಿ, ನೂಲು ಎದ್ದರೆ ಬೇಡ. ಅಪಘಾತವಾಗುವುದು ಚರ್ಮ ಹರಿದು ಅಲ್ಲ, ಹೆಚ್ಚಿನ ಸಲ ಹೊಲಿಗೆ ಬಿಟ್ಟು.

ಎಲ್ಲ ಚರ್ಮವೂ ಹಿಗ್ಗುತ್ತದೆ. ಎಡಗಡೆಯದು ಹೆಚ್ಚು ಹಿಗ್ಗುತ್ತದೆ, ಏಕೆಂದರೆ ಹತ್ತುವಾಗ ಇಡೀ ಮೈಭಾರ ಅದರ ಮೇಲೆ. ಮಂಡಿ ಚೆನ್ನಾಗಿರುವ ಹುಡುಗನಿಗೆ ಅರ್ಧ ಇಂಚಿನ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಸವೆದ ಕೀಲಿನವರು ಅದೇ ಅರ್ಧ ಇಂಚಿಗೆ ಒಂದು ಕಡೆ ವಾಲಿಕೊಂಡು ಸವಾರಿ ಮಾಡುತ್ತಾರೆ, ಸಂಜೆಗೆ ಸೊಂಟ ಹಿಡಿಯುತ್ತದೆ, ಬೈಗುಳ ಕುದುರೆಗೆ. ತಿಂಗಳಿಗೊಮ್ಮೆ ಎರಡೂ ಪಟ್ಟಿಗಳನ್ನು ಬಿಚ್ಚಿ ಮೊಳೆಗೆ ಜೊತೆಯಾಗಿ ನೇತುಹಾಕಿ ತೂತುಗಳು ಸರಿಸಮ ಬರುತ್ತವೆಯೇ ನೋಡಿ, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಬದಲಿಸಿ. ಒಳಗೆ ನೈಲಾನ್ ಪಟ್ಟಿ ಇಟ್ಟು ಮೇಲೆ ಚರ್ಮ ಹೊದಿಸಿದವು ಸಿಗುತ್ತವೆ, ಅವು ಹಿಗ್ಗುವುದು ಬಹಳ ಕಡಿಮೆ. ನಿಮಗೆ ಅದನ್ನೇ ಹೇಳುತ್ತೇನೆ.

ತೂತುಗಳ ನಡುವೆ ಸಾಮಾನ್ಯವಾಗಿ ಒಂದು ಇಂಚು ಅಂತರ. ನೋವಿರುವವರಿಗೆ ಅದು ಬಹಳ. ನಡುವೆ ಅರ್ಧ ತೂತು ಹೊಡೆಸಿಕೊಳ್ಳಿ, ಆದರೆ ಅಡುಗೆಮನೆಯ ಮೊಳೆಯಿಂದ ಅಲ್ಲ, ದುಂಡು ಪಂಚಿನಿಂದ. ಮೊಳೆ ಚರ್ಮವನ್ನು ಸೀಳುತ್ತದೆ, ಪಂಚು ತೆಗೆಯುತ್ತದೆ. ಬಕಲನ್ನು ಜೀನಿನ ಕಂಬಿಯವರೆಗೆ ಎಳೆದು ಮೇಲಿಡಿ, ಇಲ್ಲದಿದ್ದರೆ ಅದರ ಗಂಟು ತೊಡೆಯ ಒಳಬದಿಗೆ ಒತ್ತುತ್ತದೆ. ಒಂಟಿ ಪದರದ ಪಟ್ಟಿಗಳೂ ಇವೆ, ಬಕಲ್ ಕೆಳಗೆ ರಿಕಾಪಿನ ಹತ್ತಿರ ಇರುತ್ತದೆ, ತೊಡೆಯ ಕೆಳಗೆ ಏನೂ ಇರುವುದಿಲ್ಲ. ಸೊಂಟದ ನೋವಿನವರು ಅದನ್ನು ಮೆಚ್ಚುತ್ತಾರೆ.

ಧಾರವಾಡದ ಮಾಮಾ

ನನ್ನ ಎಡ ಸೊಂಟದ ಕೀಲು ಬದಲಾಗಿ ಆರು ವರ್ಷ. ಶಸ್ತ್ರವೈದ್ಯರು ಎಂಟು ತಿಂಗಳು ಕುದುರೆಯ ಹತ್ತಿರ ಹೋಗಬೇಡಿ ಎಂದರು, ಆಮೇಲೆ "ಹೋಗಿ, ಆದರೆ ಬೀಳಬೇಡಿ" ಎಂದರು. ಬೀಳದೇ ಇರುವುದು ನನ್ನ ಕೈಯಲ್ಲಿದ್ದರೆ ಮೊದಲ ಸೊಂಟವೇ ಇರುತ್ತಿತ್ತು.

ಶಸ್ತ್ರಚಿಕಿತ್ಸೆಯ ನಂತರ ಒಂದು ಕಾಲು ಕೂದಲೆಳೆಯಷ್ಟು ಉದ್ದವಾಗಿದೆ. ನೆಲದ ಮೇಲೆ ಗೊತ್ತಾಗುವುದಿಲ್ಲ, ಜೀನಿನ ಮೇಲೆ ಗೊತ್ತಾಗುತ್ತದೆ. ಎರಡೂ ಪಟ್ಟಿ ಒಂದೇ ತೂತಿನಲ್ಲಿರಬೇಕು ಎಂಬ ಹಟ ಬಿಟ್ಟೆ. ಮಗಳು ಹಿಂದೆ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದು, ಜೀನು ನಡುವೆ ಇದೆಯೇ, ನನ್ನ ಸೊಂಟದ ಪಟ್ಟಿ ನೆಲಕ್ಕೆ ಸಮಾನಾಂತರವಾಗಿದೆಯೇ ಎಂದು ನೋಡಿ ಹೇಳಿದಳು. ಎಡಕ್ಕೆ ಅರ್ಧ ತೂತು ಕೆಳಗೆ. ಅಷ್ಟೇ.

ಹತ್ತುವಾಗ ನೆಲದಿಂದ ಹತ್ತಬೇಡಿ. ನನ್ನ ವಯಸ್ಸಿನವರಿಗೆ ಅದು ಶೌರ್ಯವಲ್ಲ, ಕುದುರೆಗೂ ಹಿಂಸೆ, ಜೀನು ಒಂದು ಕಡೆಗೆ ಎಳೆದು ಅದರ ಬೆನ್ನಿನ ಮೇಲೆ ತಿರುಚುತ್ತದೆ. ನಾನು ಬಡಗಿಗೆ ಹೇಳಿ ಮೂರು ಮೆಟ್ಟಿಲಿನ ಮರದ ಕಟ್ಟೆ ಮಾಡಿಸಿದ್ದೇನೆ, ಮೇಲಿನ ಮೆಟ್ಟಿಲು ಎರಡೂವರೆ ಅಡಿ. ಅದರ ಮೇಲೆ ನಿಂತರೆ ರಿಕಾಪಿಗೆ ಹೆಜ್ಜೆ ಹತ್ತಿದಂತಲ್ಲ, ಇಟ್ಟಂತೆ. ಕಟ್ಟೆ ಸಿಗದ ಕಡೆಗೆ ಎಡ ಪಟ್ಟಿಯಲ್ಲಿ ಕೊಂಡಿ ಬಿಚ್ಚಿದರೆ ಒಂದು ಗೇಣು ಕೆಳಕ್ಕಿಳಿಯುವ ಪಟ್ಟಿಯೂ ಬರುತ್ತದೆ. ಹತ್ತಿದ ಮೇಲೆ ಮತ್ತೆ ಕೊಂಡಿ ಸಿಕ್ಕಿಸಿಕೊಳ್ಳಬೇಕು. ಇಳಿಯುವುದೂ ಆ ಕಟ್ಟೆಯ ಮೇಲೆಯೇ.

ಉಟ್ರೆಕ್ಟ್‌ನ ಅಕ್ಕ

ಮಾಮಾ, ಆ ಕಟ್ಟೆಯ ಅಳತೆಗೆ ಧನ್ಯವಾದ.

ಸವಾರೆಯವರೇ, ನನ್ನದು ಕಣ್ಣು ತಿರುಗಿಸಿದ, ಅಗಲ ತಳದ, ಹಗುರ ಪ್ಲಾಸ್ಟಿಕ್ಕಿನದು. ತಳದಲ್ಲಿ ಉಕ್ಕಿನ ತುರಿಮಣೆಯಂಥ ಹಲ್ಲುಗಳಿವೆ. ಪಾದ ಇಟ್ಟಲ್ಲೇ ಇರುತ್ತದೆ, ಹಿಡಿದುಕೊಳ್ಳಲು ನಾನು ಶ್ರಮಪಡಬೇಕಾಗಿಲ್ಲ. ನಿಮಗೂ ಅದನ್ನೇ ಹೇಳುತ್ತಿದ್ದೆ.

ಹಳೆಯ ರಾವುತ, ಮೈಸೂರು

ಇಲ್ಲಿ ನಾನು ಒಪ್ಪುವುದಿಲ್ಲ, ಅಕ್ಕನವರು ಬೇಸರ ಮಾಡಿಕೊಳ್ಳಬಾರದು.

ಕಣ್ಣು ತಿರುಗಿಸಿದ್ದು ಸರಿ, ಅಗಲ ಸರಿ. ತುರಿಮಣೆ ಬೇಡ. ಕೀಲು ಸರಿಯಿರುವವನು ಬೀಳುವಾಗ ಅವನಿಗೆ ಗೊತ್ತಿಲ್ಲದೆಯೇ ಹರಡು ತಿರುಗುತ್ತದೆ, ಮಂಡಿ ಮಡಚುತ್ತದೆ, ಪಾದ ಜಾರಿ ಹೊರಬರುತ್ತದೆ. ಈ ಅಮ್ಮನವರ ಹರಡು ತಿರುಗುವುದಿಲ್ಲ. ಅಂದಮೇಲೆ ಪಾದ ಬಿಡಿಸಿಕೊಳ್ಳುವ ಕೆಲಸ ಅವರ ಕೀಲಿನದಲ್ಲ, ರಿಕಾಪಿನದು. ಅಂಗಾಲನ್ನು ಕಚ್ಚಿಕೊಳ್ಳುವ ಹಲ್ಲು, ಕೀಲಿಗೆ ಎಷ್ಟು ಸುಖವೋ ಬಿದ್ದಾಗ ಅಷ್ಟೇ ಮೋಸ. ಗೆರೆಯಿರುವ ರಬ್ಬರ್ ತಳ ಸಾಕು. ಆಳವಾದ ಗೀರುಗಳ ತಳವಿರುವ ಚಾರಣದ ಬೂಟು ಹಾಕಿ ಸವಾರಿ ಮಾಡುವವರನ್ನೂ ನೋಡಿದ್ದೇನೆ, ಅದೂ ಬೇಡ. ನುಣುಪು ತಳ, ಸಣ್ಣ ಹಿಮ್ಮಡಿ.

ಹಗುರದ ವಿಷಯದಲ್ಲೂ ನನ್ನದು ಹಳೆಯ ಅಭಿಪ್ರಾಯ. ಉಕ್ಕಿನದು ತನ್ನ ಭಾರಕ್ಕೆ ತಾನೇ ಪಾದದಿಂದ ಕೆಳಗೆ ಬೀಳುತ್ತದೆ, ತೂಗಾಡದೆ ನಿಲ್ಲುತ್ತದೆ. ಹಗುರದ್ದು ಗಾಳಿಪಟ.

ಉಟ್ರೆಕ್ಟ್‌ನ ಅಕ್ಕ

ಬೇಸರವಿಲ್ಲ, ರಾವುತರೇ. ಆದರೆ ನನ್ನ ಸಮಸ್ಯೆ ನಿಮ್ಮ ದಳದವರದ್ದಲ್ಲ. ಬೆರಳುಗಳ ಕೀಲು ಊದಿದ ದಿನ ಅಂಗಾಲಿಗೆ ರಿಕಾಪು ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಪಾದ ಮುಂದಕ್ಕೆ ಜಾರುತ್ತಾ ಹಿಮ್ಮಡಿಯವರೆಗೆ ಹೋಗುತ್ತದೆ. ಅದೂ ಸಿಕ್ಕಿಕೊಳ್ಳುವುದೇ ಅಲ್ಲವೇ?

ಹಳೆಯ ರಾವುತ, ಮೈಸೂರು

ಹೌದು. ಅದಕ್ಕೆ ಹಲ್ಲು ಮದ್ದಲ್ಲ, ಮುಂದೆ ಮುಚ್ಚಿದ ರಿಕಾಪು ಮದ್ದು. ಬೆರಳಿನ ಮುಂದೆ ಚರ್ಮದ ಗೂಡೋ ಪ್ಲಾಸ್ಟಿಕ್ ಜಾಲರಿಯೋ ಇರುತ್ತದೆ. ದೂರದ ಓಟದವರು ಹಾಕುತ್ತಾರೆ, ಅಂಗವೈಕಲ್ಯ ಇರುವ ಮಕ್ಕಳಿಗೆ ಸವಾರಿ ಕಲಿಸುವ ಕಡೆಯೂ ಹಾಕುತ್ತಾರೆ. ಪಾದ ಮುಂದಕ್ಕೆ ಹೋಗಲಾರದು, ಹಿಂದಕ್ಕೆ ಮಾತ್ರ ಬರಬಹುದು. ಕಚ್ಚುವ ತಳದ ಜೊತೆ ಗೂಡು ಸೇರಿಸಬೇಡಿ, ಅಷ್ಟೇ ನನ್ನ ಹಟ.

ಉಟ್ರೆಕ್ಟ್‌ನ ಅಕ್ಕ

ಈ ಮಾತು ಒಪ್ಪಿದೆ. ತುರಿಮಣೆಯನ್ನು ಬಿಚ್ಚಿ ರಬ್ಬರ್ ತಳ ಹಾಕಬಹುದೇ ಎಂದು ನಾಳೆ ಅಂಗಡಿಯಲ್ಲಿ ಕೇಳುತ್ತೇನೆ. ನಾಲ್ಕು ತಿರುಪು ಕಾಣುತ್ತಿವೆ.

ಟೆಕ್ಸಾಸಿನ ಹಾಸನದವ

ನಡುವೆ ಒಂದು ಹರಟೆ. ರಿಕಾಪಿಗೆ ನಮ್ಮ ಹಳೆಯ ಮಾತು ಅಂಕವಣೆ. ನಿಘಂಟಿನಲ್ಲಿ ಮಲಗಿಬಿಟ್ಟಿದೆ. ಅಷ್ಟು ಚೆಂದದ ಪದ ಇದ್ದೂ ಪಾರಸಿಯ ಮೂಲಕ ಬಂದ ರಿಕಾಪಿಗೆ ಕಾಲು ಕೊಟ್ಟೆವು.

ಹಳೆಯ ರಾವುತ, ಮೈಸೂರು

ಲಾಯದಲ್ಲಿ ಅಂಕವಣೆ ತಾ ಎಂದರೆ ಹುಡುಗ ಅಣಬೆ ತರುತ್ತಾನೆ.

ಭಾನುವಾರದ ಸವಾರೆ

ಹರಟೆ ಚೆನ್ನಾಗಿದೆ, ಆದರೆ ನನ್ನ ಗೊಂದಲ ಮುಗಿದಿಲ್ಲ. ತಾನಾಗಿ ಪಾದ ಬಿಡುವ ರಿಕಾಪುಗಳಲ್ಲಿ ಯಾವುದು? ಶಾಲೆಯ ಮಕ್ಕಳ ಜೀನಿನಲ್ಲಿ ಒಂದು ಬದಿ ರಬ್ಬರ್ ಉಂಗುರವಿರುವುದು ಕಂಡೆ. ಅದರಲ್ಲಿ ಎರಡರ ಉಂಗುರ ಹರಿದಿತ್ತು, ಒಂದಕ್ಕೆ ಸೆಣಬಿನ ಹುರಿ ಕಟ್ಟಿದ್ದರು.

ಹಳೆಯ ರಾವುತ, ಮೈಸೂರು

ಹುರಿಯೇ! ಇವತ್ತೇ ಹೋಗಿ ಅದನ್ನು ಬಿಚ್ಚಿಸಿ, ಬೇರೆಯವರ ಮಕ್ಕಳಾದರೂ ಸರಿ. ಉಂಗುರ ಕಿತ್ತು ಪಾದ ಹೊರಬರಲಿ ಎಂಬುದೇ ಆ ರಿಕಾಪಿನ ಜೀವ. ಹುರಿ ಕಟ್ಟಿದರೆ ಅದು ಸಾಧಾರಣ ರಿಕಾಪಿಗಿಂತ ಕಡೆ, ಏಕೆಂದರೆ ಎಲ್ಲರೂ ಸುರಕ್ಷಿತ ಎಂದುಕೊಂಡಿರುತ್ತಾರೆ. ರಬ್ಬರ್ ಬಿಸಿಲಿಗೆ ಪುಡಿಯಾಗುತ್ತದೆ, ಡಬ್ಬಿಯಲ್ಲಿ ನಾಲ್ಕು ಉಂಗುರ ಸದಾ ಇರಬೇಕು. ಉಂಗುರದ ಬದಿ ಕುದುರೆಯಿಂದ ಆಚೆಗೆ, ಹೊರಗೆ.

ಆದರೆ ಅದು ಮಕ್ಕಳಿಗೆ, ಹಗುರ ಮೈಯವರಿಗೆ. ಒಂದೇ ಬದಿಗೆ ಉಕ್ಕಿನ ಆಸರೆ ಇರುವುದರಿಂದ ದೊಡ್ಡವರ ಭಾರಕ್ಕೆ ತಳ ಕ್ರಮೇಣ ಬಾಗುತ್ತದೆ. ನಿಮಗೆ ಎರಡು ದಾರಿ. ಹೊರತೋಳು ಮುಂದಕ್ಕೆ ಬಿಲ್ಲಿನಂತೆ ಬಾಗಿದ ರಿಕಾಪು, ಅದರಲ್ಲಿ ಅಲುಗುವ ಭಾಗವೇ ಇಲ್ಲ, ಕೆಡುವುದೂ ಇಲ್ಲ. ಅಥವಾ ಒತ್ತಡ ಬಿದ್ದಾಗ ಹೊರತೋಳು ಸ್ಪ್ರಿಂಗಿನಲ್ಲೋ ಅಯಸ್ಕಾಂತದಲ್ಲೋ ತೆರೆದುಕೊಳ್ಳುವಂಥದ್ದು. ಎರಡನೆಯದು ದುಬಾರಿ, ಮಣ್ಣು ಮೆತ್ತಿದರೆ ತೆರೆಯುವುದಿಲ್ಲ, ಪ್ರತಿ ಸಲ ಬಟ್ಟೆಯಿಂದ ಒರೆಸಿ ಕೈಯಲ್ಲಿ ತೆರೆದು ನೋಡಬೇಕು. ಆದರೆ ನಿಮ್ಮ ಎಡಗಾಲಿಗೆ ಅದೇ ಸರಿ. ಎಡ, ಬಲ ಅದಲುಬದಲಾಗಬಾರದು, ಬಾಗಿದ ತೋಳು ಒಳಗೆ ಬಂದರೆ ಕಥೆ ಮುಗಿಯಿತು. ಒಳಬದಿಗೆ ಬಣ್ಣದ ಚುಕ್ಕೆ ಇಟ್ಟುಕೊಳ್ಳಿ.

ಕೀಲು ನೋಡುವವಳು

ತಂದ ಮೇಲೆ ಮೊದಲ ದಿನವೇ ಒಂದು ಗಂಟೆ ಕೂರಬೇಡಿ. ಕಟ್ಟೆಯ ಪಕ್ಕದಲ್ಲಿ, ಸೈಸ್ ಕುದುರೆ ಹಿಡಿದಿರುವಾಗ, ಎರಡೂ ಪಾದಗಳನ್ನು ಹತ್ತು ಸಲ ಹಾಕಿ ತೆಗೆಯಿರಿ. ಎಡ ಪಾದ ತೆಗೆಯಲು ಎಷ್ಟು ಹೊತ್ತು ಬೇಕಾಗುತ್ತದೆ ಎಂಬುದನ್ನು ಗಮನಿಸಿ. ಹದಿನೈದು ನಿಮಿಷದಿಂದ ಶುರುಮಾಡಿ. ಮರುದಿನ ಬೆಳಿಗ್ಗೆ ಮಂಡಿ ಊದಿದ್ದರೆ ಒಂದೇ ಬದಲಾವಣೆ ಮಾಡಿ, ಉದ್ದವನ್ನೂ ರಿಕಾಪನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂಬುದು ತಿಳಿಯುವುದಿಲ್ಲ.

ಭಾನುವಾರದ ಸವಾರೆ

ಐದು ವಾರದ ನಂತರ ಬರೆಯುತ್ತಿದ್ದೇನೆ. ಕೇಳಿದವರಿಗೆಲ್ಲ ಉತ್ತರ ಕೊಡುವುದು ನನ್ನ ಬಾಕಿ.

ರಿಕಾಪು: ಹನ್ನೆರಡು ಸೆಂಟಿಮೀಟರ್, ಕಣ್ಣು ತಿರುಗಿಸಿದ್ದು, ಅಗಲ ರಬ್ಬರ್ ತಳ, ಹೊರತೋಳು ತೆರೆಯುವಂಥದ್ದು. ಬೆಲೆ ಹೇಳುವುದಿಲ್ಲ, ಮನೆಯವರೂ ಇದನ್ನು ಓದುತ್ತಾರೆ. ಪಟ್ಟಿ: ನೈಲಾನ್ ಒಳಪದರದ್ದು, ಕಾನ್ಪುರದ್ದೇ. ಪಂಚಿನಿಂದ ಮೂರು ಅರ್ಧ ತೂತು ಹೊಡೆಸಿದೆ.

ಮೊದಲ ದಿನ ಏನೂ ಸರಿಯೆನಿಸಲಿಲ್ಲ. ರಿಕಾಪು ಪಾದಕ್ಕೆ ತಾನೇ ಎದುರು ಬಂದು ನಿಂತಿದ್ದನ್ನು ನೋಡಿ ಏನೋ ತಪ್ಪಾಗಿದೆ ಎಂದುಕೊಂಡು ಅಭ್ಯಾಸಬಲದಿಂದ ಮತ್ತೆ ತಿರುಗಿಸಿ ಹಾಕಿಕೊಂಡೆ. ಎರಡು ಸುತ್ತು ಹೋದ ಮೇಲೆ ಸೈಸ್ ಓಡಿಬಂದು ಸರಿಪಡಿಸಿದ. ಎರಡನೆಯ ವಾರ ಇಪ್ಪತ್ತು ನಿಮಿಷಕ್ಕೆ ಉರಿಗಾಗಿ ಕಾದೆ, ಬರಲಿಲ್ಲ. ಮೂವತ್ತೈದಕ್ಕೆ ಬಂತು, ಅರ್ಧದಷ್ಟು. ಒಂದೂವರೆ ತೂತು ಇಳಿಸಿದಾಗ ಮಂಡಿಗೆ ಸುಖವಾಯಿತು, ಟ್ರಾಟಿನಲ್ಲಿ ಕುಲುಕಿನ ತಾಳಕ್ಕೆ ಜೀನಿನಿಂದ ಏಳಲಾಗದೆ ಮತ್ತೆ ಅದರ ಮೇಲೇ ಧೊಪ್ಪನೆ ಬೀಳುತ್ತಿದ್ದೆ, ಪಾಪದ ಕುದುರೆ ಕಿವಿ ಹಿಂದಕ್ಕೆ ಮಾಡಿತು. ಒಂದು ತೂತಿಗೆ ತಂದೆ. ಅಲ್ಲಿ ನಿಂತಿದೆ.

ಎಡ ಪಾದ ತೆಗೆಯಲು ಮೊದಲು ಕೈಯಿಂದ ಮಂಡಿ ಎತ್ತಬೇಕಿತ್ತು. ಈಗ ಹಿಂದಕ್ಕೆ ಎಳೆದರೆ ಬರುತ್ತದೆ. ಮಾಮಾ ಹೇಳಿದ ಅಳತೆಗೆ ಕಟ್ಟೆ ಮಾಡಿಸಲು ಶಾಲೆಯವರು ಒಪ್ಪಿದರು, ಈಗ ಹದಿನಾರು ವರ್ಷದ ಹುಡುಗರೂ ಅದರ ಮೇಲಿಂದಲೇ ಹತ್ತುತ್ತಾರೆ. ಎಕ್ಸ್‌ರೇ ತೋರಿಸಿದೆ. ತರಬೇತುದಾರರು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಬಲ ಹಿಮ್ಮಡಿ ಕೆಳಗೆ, ಮೇಡಂ" ಎಂದರು.

ಮಕ್ಕಳ ರಿಕಾಪಿನ ಹುರಿ ಬಿಚ್ಚಿಸಿದೆ. ಉಂಗುರಗಳ ಒಂದು ಪೊಟ್ಟಣ ಲಾಯದ ಗೂಡಿನಲ್ಲಿ ಇಟ್ಟಿದ್ದೇನೆ.

ಹಳೆಯ ರಾವುತ, ಮೈಸೂರು

ಸಂತೋಷ ಅಮ್ಮ. ತಿಂಗಳಾಯಿತಲ್ಲ, ಪಟ್ಟಿ ಎಡಬಲ ಬದಲಿಸಿದಿರಾ?

ಭಾನುವಾರದ ಸವಾರೆ

ನೈಲಾನ್ ಹಿಗ್ಗುವುದಿಲ್ಲ ಎಂದಿದ್ದರಲ್ಲ!

ಚರ್ಮದ ಕೆಲಸದವ

ಬಹಳ ಕಡಿಮೆ ಎಂದಿದ್ದೆ. ಇಲ್ಲ ಎಂದಿರಲಿಲ್ಲ.

ಭಾನುವಾರದ ಸವಾರೆ

ಮೊಳೆಗೆ ನೇತುಹಾಕಿ ನೋಡಿದೆ. ಎಡದ್ದು ಒಂದು ಬೆಂಕಿಕಡ್ಡಿಯ ದಪ್ಪದಷ್ಟು ಇಳಿದಿದೆ. ಬದಲಿಸಿದೆ.